ನಮ್ಮನೆಯಲ್ಲಿ ಊಟ ಮಾಡದ ಆಂಟಿ

ಕೆನಡಾದ ಮಾಲ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮೈಸೂರಿನ ಆಂಟಿಯೊಬ್ಬರಿದ್ದರು. ಈರುಳ್ಳಿ, ಬೆಳ್ಳುಳ್ಳಿ ಬೆಂದ ಪಾತ್ರೆಯನ್ನೂ ಮುಟ್ಟದವರು. ಅವರಿಗೆಂದೇ ಹೊಸ ಕುಕ್ಕರು ತಂದು ಬಿಸಿಬೇಳೆಬಾತ್ ಮಾಡಿ ಕರೆದೆ. ಸೆರಗು ಸರಿಮಾಡಿಕೊಂಡು, "ಬರೀ ಹಣ್ಣು ಸಾಕಮ್ಮ" ಅಂದರು. ನಾಲ್ಕು ವರ್ಷ, ಯಾವಾಗ ಬಂದರೂ ಅದೇ ಮಾತು, ಒಂದು ಬಾಳೆಹಣ್ಣು.

ಒಂದು ಶನಿವಾರ ಮಿಸಿಸಾಗಾದ ಪ್ಲಾಜಾದಲ್ಲಿರುವ ಪುಟ್ಟ ತೈವಾನಿ ಹೋಟೆಲಿಗೆ ಬಬಲ್ ಟೀ ತರಲು ಹೋದೆ. ಮೂಲೆಯಲ್ಲಿ ಅದೇ ಆಂಟಿ, ಬೆವರೊರೆಸಿಕೊಳ್ಳುತ್ತಾ ನೂಡಲ್ಸ್ ತಿನ್ನುತ್ತಿದ್ದಾರೆ! ಕೌಂಟರಿನ ಹೆಂಗಸು ಬಂದು, ಕೇಳದೆಯೇ ಅವರ ಬಟ್ಟಲಿಗೆ ಇನ್ನಷ್ಟು ತೋಫು ಹಾಕಿದಳು. ಆಂಟಿ ಬೇಡ ಅನ್ನಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು.

"ಇಲ್ಲಿ ನಡಿಯತ್ತಾ ಆಂಟಿ?"

"ಅಯ್ಯೋ, ಇವಳೂ ನಮ್ಮ ಹಾಗೇ ಕಣೆ! ಬುದ್ಧನ ಭಕ್ತೆ, ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ. ತನಗೆ ಅಂತ ಇಟ್ಕೊಂಡಿರೋ ಪಾತ್ರೇಲೇ ನಂಗೂ ಮಾಡ್ಕೊಡ್ತಾಳೆ."

"ನಾನೂ ಹೊಸ ಕುಕ್ಕರ್ ತಂದಿದ್ನಲ್ಲ?"

"ಕುಕ್ಕರ್ ಹೊಸದೇ ಕಣೆ. ಆದ್ರೆ ನೀನು ಈರುಳ್ಳಿ ಬೆಳ್ಳುಳ್ಳಿ ತಿಂತೀಯಲ್ಲ."

ಆಂಟಿ ಕೈಸನ್ನೆ ಮಾಡಿದ್ದೇ ತಡ, ಆ ಹೆಂಗಸು ನನಗೂ ಒಂದು ಬಟ್ಟಲು ತಂದಿಟ್ಟಳು. ಶುಂಠಿ ಘಮ್ಮೆನ್ನುತ್ತಿತ್ತು. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ.

"ಕೂತ್ಕೋ, ತಿನ್ನು" ಅಂದರು ಆಂಟಿ.

ದುಪಟ್ಟಾ ಸರಿಮಾಡಿಕೊಂಡೆ.

"ಬರೀ ಹಣ್ಣು ಸಾಕು ಆಂಟಿ."