ಬಾಯ್ಕಾಟ್ ಅಂದ್ರೆ ಏನವ್ವಾ?

ಹಳೇಬೀಡಿನಿಂದ ಮಾದಿಹಳ್ಳಿ ಕಡೆಯ ಮೊದಲ ಬಸ್ಸು ಹೋಗುವ ಹೊತ್ತಿಗೇ ಸಣ್ಣತಾಯಮ್ಮ ಶಾಲೆಯ ಅಡುಗೆಮನೆ ಬಾಗಿಲು ತೆಗೆದು, ಮೊರದಲ್ಲಿ ಬೇಳೆ ಹರವಿಕೊಂಡು ಕೂತಿರುತ್ತಾರೆ. ಕಲ್ಲು ಆರಿಸುವ ಬೆರಳೂ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ. ಪತ್ರಿಕೆಗೆ ಬರೆಯಲೆಂದು ನಾನು ಹುಡುಕಿಕೊಂಡು ಹೋದ ಬಿಸಿಯೂಟದ ಮುಖ್ಯ ಅಡುಗೆಯವರು ಇವರು. ಸಾರಿಗೆ ಒಗ್ಗರಣೆ ಬಿದ್ದರೆ ಪಾಠ ಮಾಡುವ ಮೇಷ್ಟರೇ ತಡವರಿಸುತ್ತಾರೆ.

ಇಂಥ ಕೈಯಡುಗೆಯನ್ನು ಊರು ಬೇಡವೆಂದಿತ್ತು! ಸಣ್ಣತಾಯಮ್ಮ ದಲಿತರ ಕೇರಿಯವರು, ಅಷ್ಟೇ ಕಾರಣ. ಕೆಲಸಕ್ಕೆ ಸೇರಿದ ವರ್ಷ ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತಂದವು. ವಿಚಾರಣೆಗೆ ಬಂದ ಅಧಿಕಾರಿಯೊಬ್ಬರು "ಬಾಯ್ಕಾಟ್ ಮಾಡಿದ್ದಾರಾ?" ಎಂದು ಕೇಳಿ ಜೀಪು ಹತ್ತಿದರು. ಆ ಮಾತು ಇವರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಆದರೆ ಆ ಘಮಕ್ಕೆ ಮಕ್ಕಳ ನಾಲಿಗೆ ಸುಮ್ಮನಿರುತ್ತದೆಯೇ? ಒಂದೊಂದಾಗಿ ಡಬ್ಬಿ ಬಿಟ್ಟವು. ಹಟ ಬಿಡದವರು ಶಾಲಾ ಸಮಿತಿ ಅಧ್ಯಕ್ಷ ದೇವೀರಪ್ಪ. ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರೊಬ್ಬರು ರುಚಿ ನೋಡಬೇಕು, ಅದು ಅಲ್ಲಿನ ಕ್ರಮ. ಈ ಮಹಾಶಯರು ಅಂಗೈಗೆ ಹಾಕಿಸಿಕೊಂಡು, ಗೋಡೆಯಾಚೆ ಚೆಲ್ಲಿ, "ಚೆನ್ನಾಗೈತೆ" ಎನ್ನುತ್ತಿದ್ದರು.

ಬೇಸಿಗೆ ರಜೆಯಲ್ಲಿ ಮೊಮ್ಮಗಳು ಧನುಶ್ರೀ ಮನೆಗೆ ಬಂದಳು. ಅವಳು ಅರಸೀಕೆರೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. "ಬಾಯ್ಕಾಟ್ ಅಂದ್ರೆ ಏನವ್ವಾ?" ಎಂದು ಅಜ್ಜಿ ಕೇಳಿದರು.

"ಬಹಿಷ್ಕಾರ ಹಾಕೋದು ಕಣಜ್ಜಿ. ಮೊದ್ಲು ಅದು ಒಬ್ಬ ಮನುಷ್ಯನ ಹೆಸರು. ಐರ್ಲೆಂಡಲ್ಲಿ ಜಮೀನ್ದಾರನ ಏಜೆಂಟು. ಗೇಣಿ ಇಳಿಸಿ ಅಂದೋರನ್ನ ಒಕ್ಕಲೆಬ್ಬಿಸೋಕೆ ಹೋದ. ಆಳುಗಳು ಅವನ ಪೈರು ಕುಯ್ಯಲಿಲ್ಲ, ಅಂಗಡಿಯೋರು ಸಾಮಾನು ಕೊಡಲಿಲ್ಲ. ಕೊನೆಗೆ ಊರೇ ಬಿಟ್ಟುಹೋದ. ಹಂಗೆ ಮಾಡೋದಕ್ಕೇ ಅವನ ಹೆಸರು ಬಂತು."

ಅದನ್ನು ನೆನೆದು ಸಣ್ಣತಾಯಮ್ಮ ನನಗೆ ಹೇಳಿದರು: "ಅಯ್ಯಯ್ಯಪ್ಪ, ಎದೆ ಝಲ್ಲಂತು ಕಣವ್ವ! ಮೇಲಿನೋರು ನಮ್ಗೆ ಮಾಡೋದು ಅಂದ್ಕಂಡಿದ್ದೆ. ಕೂಲಿಯೋರು ಧಣಿಗೆ ಮಾಡಿದ್ದಾ ಅದು! ನಮ್ಮ ಕುಡುಗೋಲು ಕಿತ್ಕಂಡು ನಮ್ಮ ಕುತ್ತಿಗೆಗೇ ಇಟ್ರಲ್ಲ!" ಇಷ್ಟು ವರ್ಷ ಬರೆಯುತ್ತಿದ್ದೇನೆ, ನನಗೂ ಇದು ಗೊತ್ತಿರಲಿಲ್ಲ.

ರಜೆ ಮುಗಿಯಿತು. ದೇವೀರಪ್ಪ ಎಂದಿನಂತೆ ಅಂಗೈ ಹಿಡಿದು ಗೋಡೆಯತ್ತ ತಿರುಗಿದರು. ಸಣ್ಣತಾಯಮ್ಮ ಸೌಟು ಕೆಳಗಿಟ್ಟರು. "ನೀವು ಬಾಯಿಗಿಡೋವರ್ಗೂ ನಾನು ಬಡ್ಸಕ್ಕಿಲ್ಲ."

ಕೆಲಸವೇ ಹೋಗುವ ಮಾತು. ಮಕ್ಕಳು ತಟ್ಟೆ ಹಿಡಿದು ಕೂತಿದ್ದವು. "ನೀನಲ್ದಿದ್ರೆ ಇನ್ನೊಬ್ಳು ಬಡಿಸ್ತಾಳೆ" ಎಂದ ದೇವೀರಪ್ಪ, ತಮ್ಮದೇ ಜಾತಿಯ ಸಹಾಯಕಿ ಕಮಲಾಕ್ಷಮ್ಮನ ಕಡೆ ನೋಡಿದರು.

ಕಮಲಾಕ್ಷಮ್ಮ ಕೈ ಕಟ್ಟಿಕೊಂಡರು. "ನಾನೂ ಬಡಿಸಲ್ಲಣ್ಣ. ತಿನ್ನಿ."

ದೇವೀರಪ್ಪ ತಿಂದರು. ಇವತ್ತಿಗೂ ತಿನ್ನುತ್ತಾರೆ.

ಇನ್ನೇನಾದರೂ ಆಸೆ ಇದೆಯಾ ಎಂದು ಹೊರಡುವಾಗ ಕೇಳಿದೆ. ಸಣ್ಣತಾಯಮ್ಮ ಬೇಳೆ ಆರಿಸುವುದನ್ನು ನಿಲ್ಲಿಸಿದರು.

"ಊರು ಬಿಟ್ಟೋದೋನ ಹೆಸ್ರು ಲೋಕಕ್ಕೆಲ್ಲ ಗೊತ್ತೈತೆ. ಕೆಲ್ಸ ನಿಲ್ಸಿದೋರ ಹೆಸ್ರು ಏನವ್ವ? ಒಬ್ರುದಾದ್ರೂ ಹುಡುಕಿ ಹೇಳು, ಕೇಳ್ಕತೀನಿ."