ಟೀಚರಿಗೆ ಹೊದೆಸಿದ ಶಾಲು

ನಮ್ಮವರ ಒಂದು ಚಾಳಿ ನನಗೆ ಯಾವತ್ತೂ ಆಗಿಬಂದದ್ದಿಲ್ಲ. ಮನುಷ್ಯ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗ ಅವನನ್ನು ಕೇಳುವವರಿಲ್ಲ. ಹಾಸಿಗೆ ಹಿಡಿದ ಎಂದು ಗೊತ್ತಾದ ಕೂಡಲೇ ಸನ್ಮಾನ! ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಮೇಲಿಂದ ಫೋಟೊ. ಒಮ್ಮೆ ಶಾಲು ಬಿತ್ತೆಂದರೆ ಆಯಿತು, ಆಮೇಲೆ ಆ ಮನುಷ್ಯನನ್ನು ಯಾರೂ ಒಂದು ಕೆಲಸಕ್ಕೆ ಕರೆಯುವುದಿಲ್ಲ. ನಮ್ಮ ಟೀಚರಿಗೂ ಇದು ಚೆನ್ನಾಗಿ ಗೊತ್ತಿತ್ತು. ಪ್ರತಿ ವರ್ಷ ನಮ್ಮ ಕನ್ನಡ ಸಂಘದವರು ಕೇಳಿದಾಗಲೂ ನಕ್ಕು ಹೇಳುತ್ತಿದ್ದರು, "ನಂಗೆ ಶಾಲು ಬೇಡ ಮಾರಾಯ್ರೆ, ನಂಗಿನ್ನೂ ಸೆಕೆ ಆಗ್ತದೆ."

ಮುಂಬಯಿ ಪಕ್ಕದ ಠಾಣೆಯ ಕನ್ನಡ ಶಾಲೆಯಲ್ಲಿ ಅವರು ನನಗೆ ಕಲಿಸಿದವರು. ನಿವೃತ್ತರಾದ ಮೇಲೆ ಡೊಂಬಿವಲಿಯಲ್ಲಿ ನಮ್ಮ ಸಂಘದ ಹಾಲ್‌ನಲ್ಲಿ ಭಾನುವಾರದ ಕನ್ನಡ ಕ್ಲಾಸ್ ಶುರು ಮಾಡಿದರು. ಹಳೇ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಎಪ್ಪತ್ತು ದಾಟಿದ ಮೇಲೂ ಅವರು ಮಕ್ಕಳಿಗಿಂತ ಮುಂಚೆ ಮೇಲೆ ಹತ್ತಿ ಕೂತಿರುತ್ತಿದ್ದರು. ನನ್ನ ಮಗಳೂ ಸೇರಿ ಇಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಹಿಂದಿಯಲ್ಲಿ ಉತ್ತರ ಬಂದರೆ ಟೀಚರ್ ಕಿವುಡಿಯ ಹಾಗೆ ಕೂತುಬಿಡುತ್ತಿದ್ದರು. "ಆಗುದಿಲ್ಲ ಟೀಚರ್" ಎಂದು ಯಾರಾದರೂ ಗೋಗರೆದರೆ ಅವರದು ಒಂದೇ ಮಾತು: "ಆಗುದಿಲ್ಲ ಅಂತ ಹೇಳ್ಲಿಕ್ಕೆ ಬಂತಲ್ಲ? ಹಾಗಾದ್ರೆ ಬಾಯಿ ಉಂಟು. ಶುರು ಮಾಡು."

ಅಂಥವರು ಕಳೆದ ಮಳೆಗಾಲದಲ್ಲಿ ಬಿದ್ದರು. ವಿಠ್ಠಲವಾಡಿಯಲ್ಲಿ ಅವರ ಮನೆ, ಜೊತೆಗೆ ತಂಗಿ ಇದ್ದಾರೆ. ಕ್ಲಾಸ್ ಮುಗಿಸಿ ಮನೆಗೆ ಹೋಗುವಾಗ ಹೊಂಡಕ್ಕೆ ಇಳಿದ ಶೇರ್ ರಿಕ್ಷಾ ಮಗುಚಿತು. ತೊಡೆಯ ಮೂಳೆ ಮುರಿಯಿತು, ಮಂಡಿ ಜಜ್ಜಿಹೋಯಿತು. ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಕಾಲಿಗೆ ರಾಡ್ ಹಾಕಿದರು. ಡಾಕ್ಟರು ನನಗೂ ಅವರ ತಂಗಿಗೂ ಹೇಳಿದ್ದು ಇಷ್ಟೇ: "ಘರ್ ಮೇ ವಾಕರ್ ಸೇ ಚಲ್ ಲೇಂಗೀ. ಸೀಢಿಯಾಂ ಭೂಲ್ ಜಾಯಿಯೇ." ಮನೆಯೊಳಗೆ ವಾಕರ್ ಹಿಡಿದು ನಡೆದಾರು, ಮೆಟ್ಟಿಲು ಮರೆತುಬಿಡಿ ಅಂತೆ! ಮೆಟ್ಟಿಲು ಮರೆತರೆ ಕ್ಲಾಸ್ ಮರೆತ ಹಾಗೆ, ಕ್ಲಾಸ್ ಬಿಟ್ಟರೆ ಟೀಚರ್ ಬದುಕಿದ್ದೂ ಇಲ್ಲದ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಡಾಕ್ಟರ ಹತ್ತಿರ ಜಗಳ ಆಡಲಿಕ್ಕಾಗುತ್ತದೆಯೇ? ತಲೆಯಾಡಿಸಿ ಬಂದೆ.

ಮನೆಗೆ ಬಂದ ಮೇಲೆ ಟೀಚರೇ ಸೋತವರ ಹಾಗೆ ಮಾತಾಡತೊಡಗಿದರು. ಒಂದು ದಿನ ದಿಂಬಿನಡಿಯಿಂದ ಸಂಘದ ಹಾಲ್‌ನ ಬೀಗದ ಕೀ ತೆಗೆದು ನನ್ನ ಕೈಗಿಟ್ಟರು.

"ಇದನ್ನು ಸಂಘಕ್ಕೆ ಕೊಟ್ಟುಬಿಡು. ನನ್ನಿಂದ ಇನ್ನು ಆಗುದಿಲ್ಲ."

"ಆಗುದಿಲ್ಲ ಅಂತ ಹೇಳ್ಲಿಕ್ಕೆ ಬಂತಲ್ಲ ಟೀಚರೇ," ಎಂದೆ.

ನಗುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರು.

ಕೀ ಕೊಡಲಿಲ್ಲ. ಯಾಕೆ ಕೊಡಲಿ? ಅದು ನನ್ನ ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಜೊತೆ ದಿನಾ ಡೊಂಬಿವಲಿಯಿಂದ ಐರೋಲಿಯ ಆಫೀಸಿಗೆ ಹೋಗಿ ಬರುತ್ತಿತ್ತು. ಒಂದು ಸಂಜೆ ಠಾಣೆಯಲ್ಲಿ ಲೋಕಲ್ ರೈಲು ಬದಲಿಸುವಾಗ ಪಾಸ್ ಹುಡುಕಲು ಹೋಗಿ ಕೀ ಕೈಗೆ ಸಿಕ್ಕಿತು, ಅಳು ತಡೆಯಲಾಗಲಿಲ್ಲ. ಲೇಡೀಸ್ ಡಬ್ಬಿಯಲ್ಲಿ ಪರಿಚಯವಿಲ್ಲದವಳೊಬ್ಬಳು ಎದ್ದು ನನಗೆ ಸೀಟು ಕೊಟ್ಟಳು. ಆ ಹೊತ್ತಿಗೆ ಸೀಟು ಸಿಗುತ್ತದೆ ಎಂದರೆ ನನ್ನ ಮುಖ ಹೇಗಿದ್ದಿರಬೇಕು ನೋಡಿ.

ಅಷ್ಟರಲ್ಲಿ ಸಂಘದ ಅಧ್ಯಕ್ಷರ ಫೋನ್.

"ಬರುವ ಭಾನುವಾರ ಟೀಚರ ಮನೆಗೇ ಹೋಗಿ ಒಂದು ಸನ್ಮಾನ ಮಾಡುವ ಅಂತ ಉಂಟು. ಪಾಪ, ಇನ್ನು ಅವರೆಲ್ಲಿ ಹಾಲ್‌ಗೆ ಹತ್ತುದು!"

"ಏನು, ಅವರು ಸತ್ತಿದ್ದಾರಾ?"

"ಛೆ ಛೆ, ಬಿಡ್ತು ಅನ್ನಿ! ಇದ್ರಲ್ಲಿ ಸಿಟ್ಟು ಮಾಡುವಂಥದ್ದು ಎಂತ ಉಂಟು?"

ಕೆಟ್ಟವರಾಗಿದ್ದರೆ ಬೈದು ಫೋನ್ ಇಡಬಹುದಿತ್ತು. ಟೀಚರ್ ಆಸ್ಪತ್ರೆಯಲ್ಲಿದ್ದಷ್ಟು ದಿನ ಕಲ್ಯಾಣದ ತಮ್ಮ ಹೋಟೆಲಿನಿಂದ ಗಂಜಿ, ಮೆತ್ತಗಿನ ಇಡ್ಲಿ ಕಳಿಸಿದವರು ಇವರೇ. ಬೇಡ ಎಂದೆ, ಮತ್ತೆ ಮತ್ತೆ ಬೇಡ ಎಂದೆ. ಕೇಳಲಿಲ್ಲ.

ಭಾನುವಾರ ನಾನು ಅವರಿಗಿಂತ ಮುಂಚೆ ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಒಳಗೆ ವ್ಯಾಯಾಮ ಮಾಡಿಸುವ ಮರಾಠಿ ಹುಡುಗಿ ಬಂದಿದ್ದಳು. ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಕಾಲಿನಿಂದ ಕೆಳಗೆ ಒತ್ತಬೇಕು. ಟೀಚರ್ ಇಷ್ಟು ದಿನ ಒತ್ತಿದ ಹಾಗೆ ಮಾಡುತ್ತಿದ್ದರೇ ಹೊರತು ಒತ್ತುತ್ತಿರಲಿಲ್ಲ. ಅಧ್ಯಕ್ಷರು ನಾಲ್ಕೈದು ಜನರನ್ನು, ಫೋಟೊದವನನ್ನು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದರು.

"ಚಪ್ಪಲಿ ಬಿಚ್ಚುವ ಕೆಲಸ ಇಲ್ಲ. ಹಾಗೇ ತಿರುಗಿ," ಎಂದೆ.

ಒಳಗಿನಿಂದ ಟೀಚರ ದನಿ: "ಬಾಗಿಲಲ್ಲಿ ನಿಂತು ಜಗಳ ಮಾಡುದು ಎಂತ ಕ್ರಮ? ಬಿಡು ಅವರನ್ನು."

ಬಿಡಲೇಬೇಕಾಯಿತು. ಹಾಸಿಗೆಯಲ್ಲಿ ಕೂತವರ ಹೆಗಲಿಗೆ ಶಾಲು ಬಿತ್ತು. ಅಧ್ಯಕ್ಷರು ಇಷ್ಟು ವರ್ಷದ ಸೇವೆ, ಇನ್ನು ವಿಶ್ರಾಂತಿ ಎಂದೆಲ್ಲ ಮಾತಾಡಿದರು. ತಪ್ಪು ಪಾಠ ಒಪ್ಪಿಸುವ ಹುಡುಗನ ಮಾತು ಮುಗಿಯಲಿ ಎಂದು ಕಾಯುವ ಹಾಗೆ ಟೀಚರ್ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ.

"ಕ್ಲಾಸ್ ಇನ್ನು ಯಾರು ತಗೊಳ್ಳುದು?"

ಅಧ್ಯಕ್ಷರು ತಲೆ ಕೆರೆದುಕೊಂಡರು. "ಅದು… ಸದ್ಯಕ್ಕೆ ನಿಲ್ಲಿಸುವ ಅಂತ. ನಿಮ್ಮ ಹಾಗೆ ಮಾಡುವವರು ಯಾರಿದ್ದಾರೆ ಟೀಚರೇ?"

"ನಿಲ್ಲಿಸುದಾ?"

ಆ ದನಿ ನನಗೆ ಶಾಲೆಯಿಂದಲೇ ಗೊತ್ತು. ಟೀಚರ್ ಹೆಗಲ ಮೇಲಿನ ಶಾಲು ಎಳೆದು ತೆಗೆದರು. ಮಡಚಿದರು, ಮತ್ತೂ ಮಡಚಿದರು, ಜರಿ ಅಂಚು ಒಳಗೆ ಹೋಗುವ ಹಾಗೆ ಬಿಗಿಯಾಗಿ ಸುತ್ತಿದರು. ವ್ಯಾಯಾಮದ ಹುಡುಗಿಯ ಕೈಗೆ ಕೊಟ್ಟು, ಟವೆಲ್ ತೆಗೆದು ಇದನ್ನು ಇಡು ಎಂದು ಮರಾಠಿಯಲ್ಲಿ ಹೇಳಿದರು. ಅವಳು ಅಧ್ಯಕ್ಷರ ಮುಖ ನೋಡಿದಳು, ನಕ್ಕಳು, ಇಟ್ಟಳು.

"ದಾಬಾ ಆಜಿ! ಅಜೂನ್ ದಾಬಾ!" ಒತ್ತಿ ಅಜ್ಜಿ, ಇನ್ನೂ ಒತ್ತಿ.

ಟೀಚರ್ ಒತ್ತಿದರು. ಹಣೆಯಲ್ಲಿ ಬೆವರು ಬಂತು, ತುಟಿ ಕಚ್ಚಿದ ಕಡೆ ಬಿಳಿಚಿಹೋಯಿತು. ಕಣ್ಣಲ್ಲಿ ನೀರು. ಶಾಲಿನ ಸುರುಳಿ ಕಾಲಿನಡಿ ಚಪ್ಪಟೆಯಾಯಿತು. ಅಧ್ಯಕ್ಷರು ಪೇಟ ಹಿಡಿದುಕೊಂಡು ನಿಂತೇ ಇದ್ದರು. ಫೋಟೊದವನು ಏನು ಮಾಡಲಿ ಎಂದು ನೋಡಿದ.

"ತೆಗಿ ಮಾರಾಯ," ಎಂದರು ಟೀಚರ್ ಏದುಸಿರಿನಲ್ಲೇ. "ಮುಖದ್ದು ಬೇಡ, ಕಾಲಿಂದು ತೆಗಿ."

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂತು. ಎಲ್ಲರೂ ಹೋದ ಮೇಲೆ ಅವರು ಕೈ ಚಾಚಿದರು.

"ಕೀ ಕೊಡು."

"ಸಂಘಕ್ಕೆ ಕೊಟ್ಟೆನಲ್ಲ ಟೀಚರೇ."

"ಸುಳ್ಳು ಹೇಳ್ಬೇಡ. ನೀನು ಕೊಡುವವಳಲ್ಲ ಅಂತ ಗೊತ್ತಿದ್ದೇ ನಿನ್ನ ಕೈಯಲ್ಲಿ ಕೊಟ್ಟದ್ದು."

ಕೀ ಮತ್ತೆ ಅವರ ದಿಂಬಿನಡಿಗೆ ಹೋಯಿತು. ಈಗ ಭಾನುವಾರದ ಕ್ಲಾಸ್ ನಾನು ತೆಗೆದುಕೊಳ್ಳುತ್ತೇನೆ, ಅವರ ಅರ್ಧದಷ್ಟೂ ಬರುವುದಿಲ್ಲ. ಬೆಳಿಗ್ಗೆ ವಿಠ್ಠಲವಾಡಿಗೆ ಹೋಗಿ ಕೀ ತರಬೇಕು, ಸಂಜೆ ವಾಪಸ್ ಒಪ್ಪಿಸಬೇಕು. ಇನ್ನೊಂದು ಕೀ ಮಾಡಿಸಿಕೊಳ್ಳುತ್ತೇನೆ ಎಂದದ್ದಕ್ಕೆ ಬೈಸಿಕೊಂಡೆ. ಅವರು ವಾಕರ್ ಹಿಡಿದು ಅಡಿಗೆಮನೆವರೆಗೆ ನಡೆಯುತ್ತಾರೆ. ಮೊನ್ನೆ ಹೊಸ್ತಿಲು ದಾಟಿ ಹೊರಗಿನ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ನಿಂತು, ವಾಪಸ್ ಬಂದರಂತೆ. ಡಾಕ್ಟರಿಗೆ ಹೇಳಿಲ್ಲ.

ಕ್ಲಾಸಿನಲ್ಲಿ ಮಕ್ಕಳು ಪ್ರತಿ ವಾರ ಕೇಳುತ್ತಾರೆ, "ಟೀಚರ್ ಕಬ್ ಆಯೇಂಗೀ?" ನಾನು ಕಿವುಡಿಯ ಹಾಗೆ ಕೂತಿರುತ್ತೇನೆ. ಕೊನೆಗೆ ಯಾರಾದರೂ ತಡವರಿಸುತ್ತ ಕೇಳುತ್ತಾರೆ, "ಟೀಚರ್ ಯಾವಾಗ ಬರ್ತಾರೆ?"

ಆಗ ನನಗೆ ಕೇಳಿಸುತ್ತದೆ. "ಬರ್ತಾರೆ," ಎನ್ನುತ್ತೇನೆ. "ಪಾಠ ತೆಗೀರಿ."