ಗಂಟು ಬಿದ್ದ ಕರುಳಿನ ಸದ್ದು

ಮೊನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಸ್ಕೂಟಿಗೆ ಪಂಕ್ಚರ್ ಹಾಕಿಸುತ್ತ ನಿಂತಿದ್ದಾಗ ರಬ್ಬರ್ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಸಿರುಗುಪ್ಪದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದ ಮೇಷ್ಟ್ರು ನೆನಪಾದರು.

ಅವರು ಹಳೆಯ ಸೈಕಲ್ ಟ್ಯೂಬುಗಳನ್ನು ಒಂದಕ್ಕೊಂದು ಅಂಟಿಸಿ ಕರುಳಿನ ಮಾದರಿ ಮಾಡಿದ್ದರು. ಒಳಗೆ ಅರ್ಧ ನೀರು, ಅರ್ಧ ಗಾಳಿ. ನಾವು ಸಾಲಾಗಿ ನಿಂತು ಒಬ್ಬರಾದ ಮೇಲೊಬ್ಬರು ಹಿಂಡಿದರೆ ಗುಡುಗುಡು, ಬುಳುಬುಳು... ಥೇಟ್ ಹೊಟ್ಟೆಯ ಸದ್ದೇ. ನಗು ತಡೆಯಲಾಗುತ್ತಿರಲಿಲ್ಲ. ಮೇಷ್ಟ್ರಿಗೆ ಕಿವಿ ಮಂದವಾಗಿತ್ತು, ಸಣ್ಣ ಸದ್ದು ಕೇಳಿಸುತ್ತಿರಲಿಲ್ಲ. ಸ್ಟೆತಾಸ್ಕೋಪ್ ಹಿಡಿದು ಕೇಳಿ ಹೇಳುವ ಕೆಲಸ ನನ್ನದು.

ಒಂದು ದಿನ ಟ್ಯೂಬಿನ ನಡುವೆ ಹಗ್ಗ ಬಿಗಿದು ಹಿಂಡಿಸಿದರು. ಖಾಲಿ ಕೊಡದೊಳಗೆ ಹನಿ ಬಿದ್ದಂತೆ ಟಿಣ್, ಟಿಣ್...

"ಕರುಳು ಕಟ್ಟಿಕೊಂಡ್ರ ಹಿಂಗ ಕೂಗತೈತಿ," ಎಂದರು. "ಕೂಗೋತನಕ ಟೈಮ್ ಐತಿ. ದಣದು ಸುಮ್ಮನಾತಂದ್ರ ಮುಗೀತು."

ಯಾರೂ ನಗಲಿಲ್ಲ.

ಪರೀಕ್ಷೆಗೆ ಮುಂಚೆ ಎರಡು ದಿನ ಅವರು ಕಾಲೇಜಿಗೆ ಬರಲಿಲ್ಲ. ನಮ್ಮಿಬ್ಬರ ಮನೆಯೂ ಕುರುಗೋಡಿನಲ್ಲೇ. ನೋಡಲು ಹೋದೆ. ಗ್ಯಾಸ್ ಎಂದುಕೊಂಡು ಗುಳಿಗೆ ನುಂಗಿ ಮಲಗಿದ್ದರು. ಹೊಟ್ಟೆ ಉಬ್ಬಿತ್ತು. ಅವರ ಹೆಂಡತಿ ಅಮ್ಮಾವರು ಸೆರಗಿನ ತುದಿ ಹಿಂಡುತ್ತ ನಿಂತಿದ್ದರು. ಮೇಷ್ಟ್ರು ಸ್ಟೆತಾಸ್ಕೋಪನ್ನು ನನ್ನ ಕೈಗಿಟ್ಟರು.

"ನನಗ ಏನೂ ಕೇಳವಲ್ದು. ನೀ ಕೇಳಿ ಹೇಳವ್ವ. ಬಳ್ಳಾರಿಗೆ ಹೋಗಬೇಕೋ ಬ್ಯಾಡೋ?"

ಕೇಳಿದೆ. ಟಿಣ್... ಟಿಣ್...

ಅಮ್ಮಾವರು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಹದಿನೇಳು. ಕೇಳಿಸಿದ್ದು ತಪ್ಪಾಗಿದ್ದರೆ, ಸುಮ್ಮನೆ ಹೆದರಿಸಿದಂತಾದರೆ...

"ಗುಡುಗುಡು ಅಂತೈತ್ರಿ ಸರ್. ಸರಿ ಐತಿ."

"ಹಂಗಾದ್ರ ನಾಳೆ ನೋಡೋಣು," ಎಂದು ಕಣ್ಣು ಮುಚ್ಚಿದರು.

ಮರುದಿನ ಕಾಲು ತಾನಾಗಿ ಅತ್ತ ಹೋಯಿತು. ಯಾರೂ ಹೇಳುವ ಮೊದಲೇ ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟೆ. ಸದ್ದಿಲ್ಲ. ಜಾಗ ಬದಲಿಸಿದೆ. ಅಲ್ಲೂ ಇಲ್ಲ.

"ಬಳ್ಳಾರಿಗೆ ನಡೀರಿ, ಈಗಿಂದೀಗ!" ಎಂದು ಕಿರುಚಿದೆ. ಮೇಷ್ಟ್ರು ಕಣ್ಣು ತೆರೆದು ನನ್ನನ್ನು ನೋಡಿದರು. ಹಿಂದಿನ ದಿನ ನನಗೆ ನಿಜಕ್ಕೂ ಏನು ಕೇಳಿಸಿತ್ತು ಎಂಬುದು ಅವರಿಗೆ ಆಗ ತಿಳಿಯಿತು. ಬೈಯಲಿಲ್ಲ, ಅಮ್ಮಾವರಿಗೂ ಹೇಳಲಿಲ್ಲ.

ಆಪರೇಷನ್ ಆಯಿತು. ಆದರೆ ಕರುಳು ಆಗಲೇ ಕೊಳೆತಿತ್ತು. ಮೂರನೆಯ ದಿನ ಹೋಗಿಬಿಟ್ಟರು.

ಈಗ ನಾನು ಬಳ್ಳಾರಿಯಲ್ಲೇ ನರ್ಸ್. ಮೊನ್ನೆ ಪಂಕ್ಚರ್ ಹಾಕಿಸಿಕೊಂಡು ಗಾಂಧಿನಗರಕ್ಕೆ ಬಂದರೆ, ಎಷ್ಟೋ ವರ್ಷಗಳ ಮೇಲೆ ಅಮ್ಮಾವರು ಎದುರಾದರು. ನನ್ನ ಎರಡೂ ಕೈ ಹಿಡಿದುಕೊಂಡರು.

"ನೀ ಸರಿ ಐತಿ ಅಂದ ಮ್ಯಾಲೆ ಅವತ್ತು ಅವ್ರಿಗೆ ಎಷ್ಟು ಸಮಾಧಾನ ಆತು ಗೊತ್ತೇನವ್ವ? ನಿನ್ನ ಪುಣ್ಯ ದೊಡ್ಡದು."

ನಾನು ತಲೆ ಆಡಿಸಿದೆ. ಅವರು ಆಟೋ ಹತ್ತಿ, ತಿರುಗಿ ನೋಡಿ, ಮತ್ತೊಮ್ಮೆ ಕೈ ಮುಗಿದರು.